ಡ್ಯೂನ್ ಬಗ್ಗಿ ಕೊಳ್ಳುವ ಮುಂಚೆ ಟೈಟಲ್, ಚಾಸಿ ನಂಬರ್ ನೋಡುವುದು ಹೇಗೆ? ಅನುಭವ ಇದ್ದವರು ಹೇಳಿ

ಫ್ರೀಮಾಂಟ್‌ನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಫ್ರೆಸ್ನೊ ಹತ್ತಿರ ಒಂದು ಡ್ಯೂನ್ ಬಗ್ಗಿ (ಮರಳಲ್ಲಿ ಓಡಿಸುವ ತೆರೆದ ಗಾಡಿ) ಮಾರಾಟಕ್ಕಿದೆ. ಮೇಲೆ ಫೈಬರ್‌ಗ್ಲಾಸ್ ಬಾಡಿ, ಕೆಳಗೆ ಹಳೇ ವೋಕ್ಸ್‌ವ್ಯಾಗನ್ ಬೀಟಲ್. ಕಿತ್ತಳೆ ಬಣ್ಣ, ನೋಡಿದ ತಕ್ಷಣ ಮನಸ್ಸು ಹೋಯಿತು. ಹದಿನಾಲ್ಕು ಸಾವಿರ ಡಾಲರ್ ಹೇಳುತ್ತಿದ್ದಾರೆ. ಕ್ಯಾಲಿಫೋರ್ನಿಯಾ ಟೈಟಲ್ (ಮಾಲೀಕತ್ವದ ಕಾಗದ) ಇದೆ, ಅದರಲ್ಲಿ '1963 ವೋಕ್ಸ್‌ವ್ಯಾಗನ್' ಎಂದಿದೆ, ನಂಬರ್ ಬರೀ ಏಳು ಅಂಕಿ. ವಾಹನದ ಇತಿಹಾಸ ತೋರಿಸುವ ಆ್ಯಪ್‌ಗೆ ಹಾಕಿದರೆ 'ನಂಬರ್ ತಪ್ಪು' ಅನ್ನುತ್ತದೆ. ಇದು ಮೋಸವಾ, ಮಾಮೂಲಿಯಾ? ಹಿಂದೆ, ಮುಂದೆ, ಎಂಜಿನ್ ಎಲ್ಲಾ ಫೋಟೊ ಹಾಕಿದ್ದೇನೆ. ರಸ್ತೆ ಮೇಲೂ ಓಡಿಸಬೇಕು, ವರ್ಷಕ್ಕೊಮ್ಮೆ ಪಿಸ್ಮೊ ಮರಳಿಗೂ ಇಳಿಸಬೇಕು ಅಂತ ಆಸೆ. ನಾಡಿದ್ದು ಶನಿವಾರ ಮತ್ತೆ ನೋಡಲು ಹೋಗುತ್ತಿದ್ದೇನೆ. ಅಡ್ವಾನ್ಸ್ ಕೊಡಲೇ?

ಸ್ಯಾಕ್ರಮೆಂಟೊದಿಂದ

ಅಡ್ವಾನ್ಸ್ ಸದ್ಯಕ್ಕೆ ಬೇಡ ಸರ್. ಮೊದಲು ಆ್ಯಪ್ ವಿಷಯ. ಅಮೆರಿಕದಲ್ಲಿ 17 ಅಂಕಿ-ಅಕ್ಷರದ ವಿನ್, ಅಂದರೆ ಗಾಡಿಯ ಗುರುತಿನ ನಂಬರ್, ಕಡ್ಡಾಯ ಆದದ್ದು 1981ರ ಮಾಡೆಲ್‌ನಿಂದ. ಅದಕ್ಕಿಂತ ಹಳೇ ಗಾಡಿಗೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಹಾಗಾಗಿ ಏಳು ಅಂಕಿ ನೋಡಿ ಹೆದರಬೇಡಿ. 1963ರ ಬೀಟಲ್‌ಗೆ ಏಳು ಅಂಕಿಯೇ ಸರಿ, ನಂಬರ್ ಹೆಚ್ಚುಕಮ್ಮಿ 48 ಲಕ್ಷದಿಂದ 56 ಲಕ್ಷದ ಆಸುಪಾಸಿನಲ್ಲಿ ಇರಬೇಕು.

ಈಗ ಮುಖ್ಯ ಸಂಗತಿ. ಬಗ್ಗಿಯಲ್ಲಿ ಕಣ್ಣಿಗೆ ಕಾಣುವ ಚೆಂದದ ಬಾಡಿ ಕಾನೂನಿನ ಕಣ್ಣಲ್ಲಿ ಗಾಡಿಯೇ ಅಲ್ಲ. 1964ರಲ್ಲಿ ನ್ಯೂಪೋರ್ಟ್ ಬೀಚ್‌ನಲ್ಲಿ ಬ್ರೂಸ್ ಮೇಯರ್ಸ್ ಎಂಬಾತ ಮೊದಲ ಮೇಯರ್ಸ್ ಮ್ಯಾಂಕ್ಸ್ ಬಗ್ಗಿ ಮಾಡಿದರು. ಕಿಟ್ ಮಾರಾಟಕ್ಕೆ ಬಂದ ಮೇಲೆ ಜನ ಮಾಡುತ್ತಿದ್ದದ್ದು ಇಷ್ಟೇ. ಬೀಟಲ್‌ನ ಬಾಡಿ ಕಳಚಿ ಎಸೆಯುವುದು, ಕೆಳಗಿನ ಪ್ಯಾನ್ ಅನ್ನು (ಗಾಡಿಯ ನೆಲದ ಚೌಕಟ್ಟನ್ನು) ಹದಿನಾಲ್ಕೂಕಾಲು ಇಂಚು ಕತ್ತರಿಸಿ ಮತ್ತೆ ಬೆಸೆಯುವುದು, ಮೇಲೆ ಫೈಬರ್ ತೊಟ್ಟಿ ಕೂರಿಸುವುದು. ಅದನ್ನು ನೋಡಿ ನಕಲು ಮಾಡಿದ ಕಂಪನಿಗಳು ಎಷ್ಟೋ. ಆದರೆ ಎಲ್ಲದಕ್ಕೂ ನಂಬರ್ ಇರುವುದು ಆ ಪ್ಯಾನ್ ಮೇಲೆ. ಟೈಟಲ್ ಯಾವ ಬೀಟಲ್‌ನದೋ, ಪ್ಯಾನ್ ಕೂಡ ಅದೇ ಬೀಟಲ್‌ನದು ಆಗಿರಬೇಕು.

ಡ್ಯಾಶ್ ಮೇಲೆ ರಿವೆಟ್ ಹೊಡೆದ ಚಿಕ್ಕ ತಗಡಿನ ಪ್ಲೇಟ್ ತೋರಿಸಿ 'ನೋಡಿ, ನಂಬರ್ ತಾಳೆ ಆಗುತ್ತೆ' ಅಂದರೆ ಅದನ್ನೇ ನಂಬಬೇಡಿ. ಆ ಪ್ಲೇಟ್ ಮೊದಲು ಬೀಟಲ್‌ನ ಮುಂದಿನ ಡಿಕ್ಕಿಯೊಳಗೆ ಇತ್ತು. ಬಾಡಿ ಕಳಚಿದಾಗ ಯಾರೋ ಬಿಚ್ಚಿ ಇಟ್ಟುಕೊಂಡು ಇಲ್ಲಿ ಬಡಿದಿದ್ದಾರೆ. ನಿಜವಾದ ನಂಬರ್ ಕೊರೆದಿರುವುದು ಪ್ಯಾನ್ ನಡುವೆ ಉದ್ದಕ್ಕೂ ಉಬ್ಬಿರುವ ಟನಲ್ ಮೇಲೆ, ಬೀಟಲ್‌ನಲ್ಲಿ ಹಿಂದಿನ ಸೀಟು ಇರುತ್ತಿದ್ದ ಜಾಗದ ಕೆಳಗೆ. ಅಲ್ಲೇ ಹತ್ತಿರ ಗೇರ್ ರಾಡ್ ಜೋಡಣೆಗೆ ಒಂದು ಮುಚ್ಚಳ ಇರುತ್ತದೆ. ಗೇರ್ ರಿಪೇರಿಗೆ ಕೈ ಹೋಗಬೇಕಲ್ಲ, ಅದಕ್ಕೆ ಬಗ್ಗಿ ಕಟ್ಟಿದವರು ಫೈಬರ್‌ನಲ್ಲಿ ಅಲ್ಲೊಂದು ಕಿಂಡಿ ಬಿಟ್ಟಿರುವುದೇ ಜಾಸ್ತಿ. ಮೇಲಿನ ಕಾರ್ಪೆಟ್ ಎತ್ತಿ, ಟಾರ್ಚ್ ಮತ್ತು ಚಿಕ್ಕ ಕನ್ನಡಿ ಹಿಡಿದು ನೋಡಿ. ಕಿಂಡಿಯೇ ಇಲ್ಲ, ಬಾಡಿ ಎತ್ತದೆ ನಂಬರ್ ಕಾಣುವುದಿಲ್ಲ ಅಂದರೆ ಬಾಡಿ ಎತ್ತಿಸುವ ಕೆಲಸ ಮಾರುವವರದು.

ನಂಬರ್ ಸಿಕ್ಕ ಮೇಲೆ ಸಣ್ಣ ಬ್ರಶ್ಶಿನಿಂದ ಧೂಳು ತೆಗೆಯಿರಿ. ಉಪ್ಪು ಕಾಗದ ಹಾಕಿ ಉಜ್ಜಬೇಡಿ, ಆಮೇಲೆ ನೀವೇ ಅಳಿಸಿದಿರಿ ಅನ್ನುತ್ತಾರೆ! ತೆಳು ಬಿಳಿ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ನಮ್ಮೂರ ಆರ್‌ಟಿಒದಲ್ಲಿ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುತ್ತಾರಲ್ಲ, ಅದೇ ಥರ. ಬಣ್ಣ ತುಂಬಿ ಕಣ್ಣಿಗೆ ಕಾಣದ ಅಂಕಿಯೂ ಕಾಗದದಲ್ಲಿ ಎದ್ದು ಬರುತ್ತದೆ. ಅಂಕಿಗಳು ಒಂದೇ ಎತ್ತರ, ಒಂದೇ ಆಳ ಇವೆಯಾ ನೋಡಿ. ಸುತ್ತ ಗ್ರೈಂಡರ್ ಗೀರು, ನಂಬರಿನ ಸುತ್ತ ಚೌಕವಾಗಿ ವೆಲ್ಡಿಂಗ್ ಗೆರೆ ಕಂಡರೆ ಮಾತು ಮುಗಿಸಿ ಹೊರಡಿ. ಪ್ಯಾನ್ ಚಿಕ್ಕದು ಮಾಡಿದ ವೆಲ್ಡಿಂಗ್ ಬೇರೆ, ಅದು ಟನಲ್‌ಗೂ ನೆಲಕ್ಕೂ ಅಡ್ಡಡ್ಡ ಹೋಗಿರುತ್ತದೆ. ಅದು ಇರಲೇಬೇಕು, ಅದಕ್ಕೆ ಗಾಬರಿ ಬೇಡ.

ವರ್ಷ ಓದುವುದು ಹೀಗೆ. 1965ರ ಮಾಡೆಲ್‌ನಿಂದ ಮೊದಲ ಎರಡು ಅಂಕಿ ಮಾಡೆಲ್ ಹೇಳುತ್ತವೆ. 11 ಅಂದರೆ ಮಾಮೂಲಿ ಬೀಟಲ್, 15 ಅಂದರೆ ಟಾಪ್ ತೆಗೆಯುವಂಥದ್ದು. ಮೂರನೆಯ ಅಂಕಿ ವರ್ಷ. 115 ಅಂದರೆ 1965, 118 ಅಂದರೆ 1968. 1970ರಿಂದ ನಾಲ್ಕನೇ ಜಾಗದಲ್ಲಿ 2 ಬಂತು, ಒಟ್ಟು ಹತ್ತು ಅಂಕಿ ಆಯಿತು. ಮಾಡೆಲ್ ವರ್ಷ ಶುರುವಾಗುವುದು ಹಿಂದಿನ ವರ್ಷದ ಆಗಸ್ಟ್‌ನಲ್ಲಿ, ಅದನ್ನೂ ನೆನಪಿಡಿ.

ಇನ್ನು ನಿಮ್ಮ ಫೋಟೊ. ಹಿಂದಿನಿಂದ ತೆಗೆದದ್ದನ್ನು ದೊಡ್ಡದು ಮಾಡಿ ನೋಡಿದೆ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಆಕ್ಸಲ್‌ಗೆ ಎರಡೂ ತುದಿಯಲ್ಲಿ ರಬ್ಬರ್ ಬೂಟ್ (ಕೀಲು ಮುಚ್ಚುವ ರಬ್ಬರ್ ಚೀಲ) ಇದೆ. ಹಳೇ ಬೀಟಲ್‌ನಲ್ಲಿ ದಪ್ಪ ಕೊಳವೆ, ಗೇರ್‌ಬಾಕ್ಸ್ ಕಡೆ ಮಾತ್ರ ಒಂದು ಬೂಟ್. ಎರಡು ಬೂಟಿನ ಸಸ್ಪೆನ್ಶನ್ ಅಮೆರಿಕದ ಮಾಮೂಲಿ ಬೀಟಲ್‌ಗೆ ಬಂದದ್ದು 1969ರ ಮಾಡೆಲ್‌ನಿಂದ, ಆಟೋಸ್ಟಿಕ್‌ಗೆ (ಅರೆ-ಆಟೋಮ್ಯಾಟಿಕ್ ಗೇರ್‌ನದು) ಮಾತ್ರ ಒಂದು ವರ್ಷ ಮೊದಲು. ಟೈಟಲ್ 1963 ಅನ್ನುತ್ತದೆ, ಹಿಂಭಾಗ ಬೇರೆ ಏನೋ ಅನ್ನುತ್ತದೆ. ಹಳೇ ಪ್ಯಾನ್‌ಗೆ ಬ್ರಾಕೆಟ್ ಬೆಸೆದು ಬದಲಾಯಿಸುವವರೂ ಇದ್ದಾರೆ, ಆದ್ದರಿಂದ ಈಗಲೇ ಕಳ್ಳಮಾಲು ಅನ್ನಲಾರೆ. ಶನಿವಾರ ಟನಲ್ ನೋಡಿ, ಗೊತ್ತಾಗುತ್ತದೆ.

ಸ್ಯಾನ್ ಹೋಸೆಯಿಂದ

ಕಬ್ಬಿಣದ ಕಥೆ ಅವರು ಹೇಳಿದ್ದಾರೆ, ನಾನು ಕಾಗದದ್ದು ಹೇಳುತ್ತೇನೆ. ಟೈಟಲ್‌ನಲ್ಲಿರುವ ಹೆಸರು ಮತ್ತು ಮಾರುವವರ ಡ್ರೈವಿಂಗ್ ಲೈಸೆನ್ಸ್ ಹೆಸರು ಒಂದೇನಾ? ಇಲ್ಲಿ 'ಓಪನ್ ಟೈಟಲ್' ಅಂತ ಒಂದು ಪೀಡೆ ಇದೆ. ಹಿಂದಿನ ಮಾಲೀಕ ಸಹಿ ಹಾಕಿ ಕೊಟ್ಟಿರುತ್ತಾನೆ, ನಡುವಿನವನು ತನ್ನ ಹೆಸರಿಗೆ ಮಾಡಿಸದೆ ಹಾಗೇ ನಿಮಗೆ ದಾಟಿಸುತ್ತಾನೆ. ಊರಲ್ಲಿ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಸಿ ಇಟ್ಟುಕೊಳ್ಳುವುದಿಲ್ವಾ, ಅದೇ. ಒಂದು ಸಹಿ ತಪ್ಪಿದ್ದರೂ ಆ ಹಳೇ ಮಾಲೀಕನನ್ನು ಹುಡುಕಿಕೊಂಡು ಹೋಗಬೇಕಾದವರು ನೀವೇ.

ಟೈಟಲ್ ಮೇಲೆ ಲೀನ್‌ಹೋಲ್ಡರ್ (ಸಾಲ ಕೊಟ್ಟವರು) ಜಾಗದಲ್ಲಿ ಬ್ಯಾಂಕಿನ ಹೆಸರಿದ್ದರೆ ಬ್ಯಾಂಕಿನ ಸಹಿಯೂ ಬೇಕು. ಸಾಲ ತೀರಿ ಇಪ್ಪತ್ತು ವರ್ಷ ಆಗಿದ್ದರೂ ಬೇಕು. ಬ್ಯಾಂಕೇ ಮುಚ್ಚಿಹೋಗಿದ್ದರೆ ದೇವರೇ ಗತಿ.

ರಿಜಿಸ್ಟ್ರೇಶನ್ ಬಾಕಿ ಕೇಳಿ. ಗಾಡಿ ನಿಲ್ಲಿಸಿದ್ದಾಗ ಡಿಎಂವಿಗೆ (ಇಲ್ಲಿನ ಆರ್‌ಟಿಒ ಇದ್ದಂತೆ) 'ಓಡಿಸುತ್ತಿಲ್ಲ' ಅಂತ ಪಿಎನ್‌ಒ ಹಾಕಿದ್ದರೆ ಸರಿ. ಇಲ್ಲದಿದ್ದರೆ ಫೀಸು, ದಂಡ ಬೆಳೆಯುತ್ತಾ ಹೋಗಿರುತ್ತದೆ, ಹೆಸರು ಬದಲಾಯಿಸುವಾಗ ನಿಮ್ಮ ತಲೆಗೆ ಬರುತ್ತದೆ. ಕೊಂಡ ಮೇಲೆ ಹೆಸರು ಬದಲಾಯಿಸಲು ನಿಮಗೆ 10 ದಿನ ಟೈಮ್. ಮಾರಿದವರು 5 ದಿನದೊಳಗೆ ಡಿಎಂವಿಗೆ ತಿಳಿಸಬೇಕು. ಸ್ಮಾಗ್ (ಹೊಗೆ) ಪರೀಕ್ಷೆ ಚಿಂತೆ ಬೇಡ, 1975 ಮತ್ತು ಅದಕ್ಕೂ ಹಳೇ ಮಾಡೆಲ್‌ಗೆ ಇಲ್ಲ. ಈ ಒಂದು ರಿಯಾಯಿತಿಗಾಗಿಯೇ ಹಳೇ ಟೈಟಲ್‌ಗೆ ಇಷ್ಟು ಬೆಲೆ, ಇಷ್ಟು ಕಳ್ಳಾಟ.

ಸ್ಯಾನ್ ಡಿಯಾಗೊದಿಂದ

ಎಂಜಿನ್ ನಂಬರ್ ತಾಳೆ ಆಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ವೋಕ್ಸ್‌ವ್ಯಾಗನ್ ಎಂಜಿನ್ ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ, ಐವತ್ತು ವರ್ಷದಲ್ಲಿ ಬದಲಾಗದೇ ಇದ್ದರೆ ಆಶ್ಚರ್ಯ. ಡೈನಮೊ ಸ್ಟ್ಯಾಂಡ್ ಕೆಳಗೆ ಕೊರೆದಿರುತ್ತದೆ, ಬೇಕಾದರೆ ಬರೆದುಕೊಳ್ಳಿ.

ಕಳವಾದದ್ದಾ ಅಂತ ತಿಳಿಯಲು ಹಳೇ ನಂಬರಿಗೆ ಆ್ಯಪ್ ಉಪಯೋಗ ಇಲ್ಲ. ನಿಮ್ಮ ಊರಿನ ಪೊಲೀಸರ ತುರ್ತಲ್ಲದ ನಂಬರಿಗೆ ಫೋನ್ ಮಾಡಿ ಕೇಳಿ. ಅನುಮಾನ ಇದ್ದರೆ ಸಿಎಚ್‌ಪಿ, ಅಂದರೆ ಹೈವೇ ಪಟ್ರೋಲ್‌ನವರು ವಿನ್ ಪರಿಶೀಲನೆ ಮಾಡುತ್ತಾರೆ. ಅಪಾಯಿಂಟ್‌ಮೆಂಟ್ ಬೇಕು, ಸಿಗುವುದು ನಿಧಾನ. ಆದರೆ ಆ ಪರಿಶೀಲನೆ ಗಾಡಿ ಇನ್ನೂ ಮಾರುವವರ ಹೆಸರಿನಲ್ಲಿ ಇರುವಾಗ ಆಗಲಿ. ಕ್ಯಾಲಿಫೋರ್ನಿಯಾದ ವೆಹಿಕಲ್ ಕೋಡ್ 10751ರ ಪ್ರಕಾರ ನಂಬರ್ ತೆಗೆದ, ತಿದ್ದಿದ ಗಾಡಿಯನ್ನು ಗೊತ್ತಿದ್ದೂ ಕೊಳ್ಳುವುದು, ಮಾರುವುದು, ಇಟ್ಟುಕೊಳ್ಳುವುದು ಅಪರಾಧ. ಪೊಲೀಸರು ಅಲ್ಲೇ ವಶಕ್ಕೆ ತೆಗೆದುಕೊಳ್ಳಬಹುದು. ನಮ್ಮ ಪರಿಚಯದವರೊಬ್ಬರ ಬಗ್ಗಿ ಹಾಗೆ ಹೋಯಿತು. ಅವರ ತಪ್ಪೇನೂ ಇರಲಿಲ್ಲ, ಎರಡು ಮಾಲೀಕರ ಹಿಂದೆ ಯಾರೋ ಮಾಡಿದ್ದು. ಗಾಡಿಯೂ ಇಲ್ಲ, ದುಡ್ಡೂ ಇಲ್ಲ, ಮಾರಿದವರು ಫೋನೂ ಎತ್ತಲಿಲ್ಲ.

ಫೀನಿಕ್ಸ್‌ನಿಂದ

ಮರಳಿಗೆ ಮಾತ್ರ ಬೇಕಾದರೆ ಸ್ಯಾಂಡ್‌ರೇಲ್ ನೋಡಬಹುದಲ್ವಾ? ಬರೀ ಪೈಪ್ ಫ್ರೇಮ್, ಮರಳು ದಿಬ್ಬಗಳ ಗ್ಲಾಮಿಸ್‌ನಲ್ಲಿ ಅದೇ ತುಂಬಾ. ಯಾರದೋ ಗ್ಯಾರೇಜಿನಲ್ಲಿ ಕಟ್ಟಿದ್ದಾದರೆ ಕಾರ್ಖಾನೆ ನಂಬರೇ ಇರುವುದಿಲ್ಲ, ರಾಜ್ಯದವರು ಒಂದು ನಂಬರ್ ಕೊಟ್ಟು ಪ್ಲೇಟ್ ಹಾಕಿಸುತ್ತಾರೆ. ಆ ಪ್ಲೇಟ್ ನಂಬರೂ ಕಾಗದದ ನಂಬರೂ ಒಂದೇ ಇದ್ದರೆ ಆಯಿತು. ಆದರೆ ಮರಳಲ್ಲಿ ಓಡಿಸುವ ಅನುಮತಿಯ ಸ್ಟಿಕ್ಕರ್ ಇದೆ ಅಂದ ಮಾತ್ರಕ್ಕೆ ರಸ್ತೆಗೆ ಇಳಿಸಲಾಗದು. 'ಸ್ಟ್ರೀಟ್ ಲೀಗಲ್ ಮಾಡಿಸಿಕೊಳ್ಳೋದು ಸುಲಭ' ಅಂತ ಮಾರುವವರು ಹೇಳಿದರೆ, ಸುಲಭ ಇದ್ದರೆ ಅವರೇ ಯಾಕೆ ಮಾಡಿಸಲಿಲ್ಲ ಅಂತ ಕೇಳಿ.

ಆಸ್ಟಿನ್‌ನಿಂದ

ಬೇರೆ ರಾಜ್ಯದ ಟೈಟಲ್ ಇರುವ ಬಗ್ಗಿ ನೋಡುವವರಿಗೆ ಒಂದು ಮಾತು. ನಮ್ಮ ಟೆಕ್ಸಾಸ್‌ನಲ್ಲಿ ಡ್ಯೂನ್ ಬಗ್ಗಿಗಳ ಟೈಟಲ್‌ಗಳನ್ನೇ ರದ್ದು ಮಾಡಿದ ಕಾಲವೂ ಇತ್ತು. ಬೀಟಲ್ ಅಂತ ಬರೆದಿದೆ, ಇದು ಬೀಟಲ್ ಅಲ್ಲ ಅನ್ನುವ ವಾದ. ಹವ್ಯಾಸಿಗಳು ಗಲಾಟೆ ಮಾಡಿ, 2019ರಲ್ಲಿ ಶಾಸನ ತರಿಸಿದ ಮೇಲೆ ದಾರಿ ಸಿಕ್ಕಿತು. ಒಂದು ರಾಜ್ಯದಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ. ನೀವಿರುವ ರಾಜ್ಯದ ಕೌಂಟರಿನಲ್ಲಿ ಮೊದಲು ಕೇಳಿ.

ಫ್ರೀಮಾಂಟ್, ಶನಿವಾರ ರಾತ್ರಿ

ಹೋಗಿ ಬಂದೆ. ಎಲ್ಲರಿಗೂ ಥ್ಯಾಂಕ್ಸ್. ಡ್ಯಾಶ್ ಮೇಲೆ ಪ್ಲೇಟ್ ಇತ್ತು, ಟೈಟಲ್ ಜೊತೆ ಅಂಕಿ ಅಂಕಿಗೂ ತಾಳೆ. ಕಾರ್ಪೆಟ್ ಎತ್ತುತ್ತೇನೆ ಅಂದಾಗ ಮಾರುವವರು ಸ್ವಲ್ಪ ಮುಖ ಗಂಟಿಕ್ಕಿದರು, ಆದರೆ ಬೇಡ ಅನ್ನಲಿಲ್ಲ. ಕಿಂಡಿ ಇತ್ತು. ಪೆನ್ಸಿಲ್ ಉಜ್ಜಿದೆ. ಕಾಗದದಲ್ಲಿ ಬಂದದ್ದು ಹತ್ತು ಅಂಕಿ, ಶುರು 110 2. ಗ್ರೈಂಡರ್ ಗುರುತು ಏನೂ ಇಲ್ಲ, ಅಂಕಿಗಳು ನೀಟಾಗಿವೆ. 'ಹಿಂದಿನ ಮಾಲೀಕರು ಪ್ಯಾನ್ ಬದಲಾಯಿಸಿರಬೇಕು, ಎಲ್ಲರೂ ಮಾಡ್ತಾರೆ' ಅಂದರು. ಹನ್ನೊಂದು ಸಾವಿರಕ್ಕೆ ಇಳಿದರು.

ಒಬ್ಬರು ನನಗೆ ಬೇರೆಯಾಗಿ ಬರೆದು, ವರ್ಮಾಂಟ್‌ನಿಂದ ಅಂಚೆಯಲ್ಲಿ ರಿಜಿಸ್ಟ್ರೇಶನ್ ತರಿಸಿ ಅದರ ಮೇಲೆ ಹೊಸ ಟೈಟಲ್ ಮಾಡಿಸಬಹುದು ಅಂದರು. ನಿಜವಾ?

ಸ್ಯಾಕ್ರಮೆಂಟೊದಿಂದ

ಆ ಕಿಟಕಿ 2023ರಲ್ಲೇ ಮುಚ್ಚಿದೆ. ಹೊರಗಿನವರಿಗೆ ಈಗ ಸುಮ್ನೆ ಕೊಡುವುದಿಲ್ಲ. ತೆರೆದಿದ್ದರೂ ನಿಮ್ಮ ಕಾಯಿಲೆಗೆ ಅದು ಮದ್ದಲ್ಲ. ಟೈಟಲ್ ಇಲ್ಲದ ಗಾಡಿಯ ಸಮಸ್ಯೆ ಬೇರೆ, ಬೇರೆ ಗಾಡಿಯ ಟೈಟಲ್ ಹಾಕಿಕೊಂಡಿರುವ ಗಾಡಿಯ ಸಮಸ್ಯೆ ಬೇರೆ.

110 2 ಅಂದರೆ 1970ರ ಬೀಟಲ್. ಎರಡು ಬೂಟ್ ಯಾಕೆ ಅಂತ ಈಗ ಅರ್ಥ ಆಯಿತಲ್ಲ. ನೀವು ಹಣ ಕೊಡಲು ಹೊರಟಿರುವುದು ಆ 1970ರ ಪ್ಯಾನ್‌ಗೆ, ಕಾಗದ ಸಿಗುವುದು ಎಲ್ಲೋ ಗುಜರಿ ಸೇರಿದ 1963ರ ಗಾಡಿಗೆ. ಪ್ಯಾನ್ ಬದಲಾಯಿಸುವುದು ತಪ್ಪಲ್ಲ. ಹಳೇ ಪ್ಲೇಟ್ ತಂದು ಹೊಸ ಪ್ಯಾನ್ ಮೇಲೆ ಬಡಿದದ್ದು ತಪ್ಪು. ಮಾರುವವರು ಒಳ್ಳೆಯವರೇ ಇರಬಹುದು, ಇವರಿಗೇ ಗೊತ್ತಿಲ್ಲದೆ ಬಂದಿರಬಹುದು. ಆದರೂ ಬಗೆಹರಿಸುವ ಕೆಲಸ ಅವರದು. 1970ರ ನಂಬರ್ ಹಿಡಿದು ಅವರೇ ಸಿಎಚ್‌ಪಿಗೆ ಹೋಗಲಿ. ಕಳವಿನ ದಾಖಲೆ ಇಲ್ಲ ಅಂದರೆ ಡಿಎಂವಿಯಲ್ಲಿ ಆ ನಂಬರಿಗೆ ಮಾಲೀಕರು ಯಾರು ಅಂತ ಬರುತ್ತದೆ, ಅಥವಾ ದಾಖಲೆಯೇ ಇಲ್ಲ ಅಂತ ಬರುತ್ತದೆ. ಆಮೇಲೆ ಬಾಂಡ್ (ಜಾಮೀನು ಪತ್ರ) ಹಾಕಿ ಟೈಟಲ್ ಕೇಳುವ ದಾರಿ ಇದೆ. 5,000 ಡಾಲರ್ ಅಥವಾ ಹೆಚ್ಚು ಬೆಲೆಯ ಗಾಡಿಗೆ ಮಾಲೀಕತ್ವಕ್ಕೆ ಪುರಾವೆ ಇಲ್ಲದಿದ್ದರೆ ಅದು ಬೇಕಾಗುತ್ತದೆ. ಡಿಎಂವಿಯವರು ಇದನ್ನು 'ಸ್ಪೆಷಲಿ ಕನ್‌ಸ್ಟ್ರಕ್ಟೆಡ್' (ಸ್ವಂತ ಕಟ್ಟಿದ ಗಾಡಿ) ಅಂತ ಹೊಸದಾಗಿ ಬರೆಯಲೂಬಹುದು. ಆಗ ಸ್ಮಾಗ್ ಪ್ರಶ್ನೆ ಏಳುತ್ತದೆ. ಅದಕ್ಕೆ ಎಸ್‌ಬಿ 100 ಅನ್ನುವ ರಿಯಾಯಿತಿ ಇದೆ, ಇಡೀ ರಾಜ್ಯಕ್ಕೆ ವರ್ಷಕ್ಕೆ 500 ಗಾಡಿ ಮಾತ್ರ. ಇಷ್ಟೆಲ್ಲಾ ಓಡಾಟ ಮೂರು ಸಾವಿರ ಡಾಲರ್ ಇಳಿಸಿದ್ದಕ್ಕೆ ಸಮ ಅಂತ ನನಗಂತೂ ಅನ್ನಿಸುವುದಿಲ್ಲ.

ಲಾಂಗ್ ಬೀಚ್‌ನಿಂದ

ಒಂದು ಸೇರಿಸಲಾ? 'ಇದು ಅಸಲಿ ಮೇಯರ್ಸ್ ಮ್ಯಾಂಕ್ಸ್' ಅಂತ ಜಾಸ್ತಿ ಬೆಲೆ ಕೇಳಿದರೆ ಅದು ಬೇರೆಯೇ ನಂಬರಿನ ಕಥೆ. ಬಾಡಿಯ ನಂಬರ್ ಟೈಟಲ್‌ಗೆ ಸಂಬಂಧ ಇಲ್ಲ, ಬೆಲೆಗೆ ಸಂಬಂಧ. ಅಸಲಿಯಾ ಅಂತ ಪರೀಕ್ಷಿಸಲು ಮ್ಯಾಂಕ್ಸ್ ಕ್ಲಬ್‌ನವರನ್ನು ಕೇಳಬಹುದು. ಬಾಡಿ ಅಸಲಿ, ಪ್ಯಾನ್ ಕಾಗದ ನಕಲಿ ಇರುವ ಗಾಡಿಯೂ ಇದೆ. ಉಲ್ಟಾನೂ ಇದೆ.

ಫ್ರೀಮಾಂಟ್‌ನಿಂದ

ಕಿತ್ತಳೆ ಬಗ್ಗಿ ಬಿಟ್ಟೆ. 'ಸಿಎಚ್‌ಪಿಯಲ್ಲಿ ಸರಿ ಮಾಡಿಸಿ, ಆಮೇಲೆ ಹೇಳಿ' ಅಂದೆ. ಸರಿ ಅಂದಿದ್ದಾರೆ, ನೋಡೋಣ. ಸ್ಯಾಂಟಾ ಕ್ರೂಜ್‌ನಲ್ಲಿ ಇನ್ನೊಂದು ಇದೆ. ಈ ಸಲ ಹೋಗುವ ಮುಂಚೆಯೇ ಟನಲ್ ಫೋಟೊ ಕೇಳಿದೆ, ಕಳಿಸಿದರು. 117ರಿಂದ ಶುರು, ಟೈಟಲ್‌ನಲ್ಲಿ 1967, ಅದೇ ಒಂಬತ್ತು ಅಂಕಿ. ಹೆಸರೂ ಅವರದೇ. ಬಣ್ಣ ಮಾತ್ರ ಕಂದು.

ಸ್ಯಾಕ್ರಮೆಂಟೊದಿಂದ

ಬಣ್ಣ ಬಳಿಸಬಹುದು ಬಿಡಿ. 117 ಆದರೆ ಹಿಂದೆ ಒಂದೊಂದೇ ಬೂಟ್ ಇರಬೇಕು, ಅದನ್ನೂ ನೋಡಿ. ಫೋಟೊ ಬೇರೆ ಗಾಡಿಯದೂ ಇರಬಹುದು, ಪೆನ್ಸಿಲ್ ಮರೆಯಬೇಡಿ. ಎಲ್ಲಾ ಸರಿ ಬಂದರೆ ಇಬ್ಬರೂ ಡಿಎಂವಿ ಕೌಂಟರಿನಲ್ಲೇ ಸೇರಿ, ಕಾಗದ ಒಪ್ಪಿಕೊಂಡ ಮೇಲೆ ಚೆಕ್ ಕೊಡಿ.