ಕುತ್ತಿಗೆ ಹಿಂದಿನ ತುರಿಕೆ ಹೋಗಿ ಹೋಗಿ ಬರ್ತಿದೆ, ‘ಟೆನ್ಷನ್’ ಅಂದು ಕಳಿಸೋದಾ?

ಸಿಎಚ್‌ಒ, ತೀರ್ಥಹಳ್ಳಿ ಕಡೆ
ನಾನು ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ). ಅಡಿಕೆ ಸುಲಿಯೋ ಕಾಲ ಬಂತೆಂದರೆ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಇದೇ ದೂರು, ಹೆಚ್ಚಾಗಿ ಹೆಂಗಸರದ್ದು. ಕುತ್ತಿಗೆ ಹಿಂದೆ ಅಥವಾ ಕಣಕಾಲ ಮೇಲೆ ಅರ್ಧ ಅಂಗೈಯಷ್ಟು ಜಾಗ ದಪ್ಪಗೆ, ಕಪ್ಪಗೆ, ಗೆರೆಗೆರೆ. ಮುಲಾಮು ಹಚ್ಚಿದರೆ ಹದಿನೈದು ದಿನ ತಣ್ಣಗಿರುತ್ತೆ, ಆಮೇಲೆ ಮತ್ತೆ ಶುರು. ಕೆದಕಿದರೆ ಸೊಸೈಟಿ ಸಾಲ, ನಿದ್ದೆ ಇಲ್ಲ. ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ ಮುಂದೆ ಕೂತಾಗ ತುರಿಕೆ ಇರಲ್ಲ, ಮಲಗುವಾಗ ತಡೆಯೋಕಾಗಲ್ಲ ಅಂತಾರೆ. ಮನಸ್ಸಿನದ್ದು ಅನ್ನುವ ಮೊದಲು ಏನು ನೋಡಬೇಕು?

ಚರ್ಮವೈದ್ಯ, ಶಿವಮೊಗ್ಗ
ಮೊದಲು ಹುಳುಕಡ್ಡಿ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಮಳೆಗಾಲದಲ್ಲಿ ಅರೆ ಒಣಗಿದ ಬಟ್ಟೆ ಉಟ್ಟು ನಮ್ಮ ಕಡೆ ಅರ್ಧ ಊರಿಗೆ ಅದಿರುತ್ತೆ. ಅಂಚು ಉಬ್ಬಿ, ನಡುವೆ ತಿಳಿಯಾಗಿ, ವರ್ತುಲವಾಗಿ ಹರಡುತ್ತಿದ್ದರೆ ಅಂಚಿನ ಹೊಟ್ಟು ಕೆರೆದು ಕೆಒಎಚ್ ಪರೀಕ್ಷೆಗೆ (ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಹುಡುಕೋದು) ಕಳಿಸಿ. ಬೆರಳ ಸಂದಿ, ಮಣಿಕಟ್ಟಿನಲ್ಲಿ ಗುಳ್ಳೆ ಇದ್ದು ಮನೆಯ ಇನ್ನೊಬ್ಬರೂ ರಾತ್ರಿ ತುರಿಸಿಕೊಳ್ಳುತ್ತಿದ್ದರೆ ಅದು ಕಜ್ಜಿ, ಮನೆಮಂದಿಗೆಲ್ಲ ಒಟ್ಟಿಗೆ ಔಷಧಿ ಆಗಬೇಕು.

ಎರಡೂ ಅಲ್ಲ, ಒಂದೇ ಜಾಗ, ಕೈಗೆ ಸುಲಭವಾಗಿ ಎಟುಕುವ ಜಾಗ ಅಂದರೆ ನೀವು ಹೇಳಿದ್ದು ಲೈಕನ್ ಸಿಂಪ್ಲೆಕ್ಸ್, ಅಂದರೆ ತುರಿಸಿ ತುರಿಸಿಯೇ ಚರ್ಮ ದಪ್ಪಗಾಗೋ ತೊಂದರೆ. ತುರಿಸಿದಷ್ಟೂ ಚರ್ಮ ದಪ್ಪ, ದಪ್ಪಗಾದಷ್ಟೂ ತುರಿಕೆ. ಆತಂಕ, ನಿದ್ದೆಗೇಡು ಈ ಚಕ್ರಕ್ಕೆ ಎಣ್ಣೆ ಹೊಯ್ಯುತ್ತವೆ: ನರತುದಿಯಿಂದ ಸಬ್‌ಸ್ಟೆನ್ಸ್ ಪಿ ಥರದ ರಾಸಾಯನಿಕ ಹೊರಬಂದು ಚರ್ಮದ ಮಾಸ್ಟ್ ಕೋಶಗಳು (ತುರಿಕೆ ಎಬ್ಬಿಸುವ ರಾಸಾಯನಿಕ ತುಂಬಿದ ಕೋಶಗಳು) ಕೆರಳುತ್ತವೆ. ಸುಲಿಯುವಾಗ ಕೈಯೂ ಮನಸ್ಸೂ ಕೆಲಸದಲ್ಲಿರುತ್ತೆ, ರಾತ್ರಿ ಎರಡೂ ಖಾಲಿ.

ವೈದ್ಯರು ಸಾಮಾನ್ಯವಾಗಿ ಕ್ಲೊಬೆಟಾಸಾಲ್ 0.05% ಅನ್ನೋ ಬಲವಾದ ಸ್ಟೆರಾಯ್ಡ್ ಮುಲಾಮು ಬರೀತಾರೆ. ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಅರ್ಧ ಗ್ರಾಂ, ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನಿಮ್ಮವರ ಕಲೆಗೆ ಅದರ ಕಾಲುಭಾಗ. ಎರಡು ವಾರ ಹಚ್ಚಿ ಥಟ್ಟನೆ ಬಿಡೋದೇ ತಪ್ಪು. ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ, ಹೀಗೆ ಇಳಿಸಬೇಕು. ಮುಖಕ್ಕೆ, ತೊಡೆಸಂದಿಗೆ ಬೇಡ. ಮೆಡಿಕಲ್ ಶಾಪಿನ ‘ಮೂರೂ ಬೆರೆಸಿದ’ (ಸ್ಟೆರಾಯ್ಡ್, ಶಿಲೀಂಧ್ರದ ಔಷಧಿ, ಆ್ಯಂಟಿಬಯೋಟಿಕ್) ಕ್ರೀಮ್ ಮುಟ್ಟಲೇ ಬೇಡಿ, ಹುಳುಕಡ್ಡಿ ಇದ್ದರೆ ಗುರುತು ಸಿಗದ ಹಾಗೆ ಮಾಡಿಡುತ್ತೆ.

ಇನ್ನೊಂದು, ಹಂಡೆಯ ಸುಡುನೀರು. ತುರಿಕೆ ಮೇಲೆ ಹೊಯ್ದುಕೊಂಡಾಗ ಆಹಾ ಅನ್ಸುತ್ತೆ, ಅರ್ಧ ಗಂಟೆಗೆ ದುಪ್ಪಟ್ಟು ತುರಿಕೆ. ಉಗುರುಬೆಚ್ಚಗಿನ ನೀರು, ಮೈ ಹಸಿ ಇರುವಾಗಲೇ ವ್ಯಾಸಲೀನ್.

ಆಪ್ತಸಮಾಲೋಚಕಿ, ಸಾಗರ
ಸರ್ ಹೇಳಿದ್ದು ಚರ್ಮಕ್ಕೆ, ಕೈಗೂ ಚಿಕಿತ್ಸೆ ಬೇಕು. ‘ಟೆನ್ಷನ್ ಮಾಡ್ಕೋಬೇಡಿ’ ಅನ್ನೋದು ಚಿಕಿತ್ಸೆ ಅಲ್ಲ, ‘ತುರಿಸ್ಕೋಬೇಡಿ’ ಅನ್ನೋದಂತೂ ಅಲ್ಲವೇ ಅಲ್ಲ.

ಮೊದಲ ವಾರ ಬರೀ ಎಣಿಕೆ. ಸೆರಗಿನ ತುದಿಯಲ್ಲಿ ಹುಣಸೆಬೀಜ ಕಟ್ಟಿಕೊಂಡು, ಕೈ ಅಲ್ಲಿಗೆ ಹೋದಾಗೆಲ್ಲ ಒಂದು ಬೀಜ ಡಬ್ಬಿಗೆ. ಎಷ್ಟೋ ಸಲ ತಮಗೇ ಗೊತ್ತಿಲ್ಲದೆ ಕೈ ಹೋಗಿರುತ್ತೆ, ಅದು ಗೊತ್ತಾಗೋದೇ ಅರ್ಧ ಕೆಲಸ. ಯಾವ ಹೊತ್ತಿಗೆ ಅಂತಲೂ ಕೇಳಿ: ಧಾರಾವಾಹಿ ನೋಡುವಾಗ, ಸೀರೆ ಬದಲಿಸುವಾಗ, ಬ್ಯಾಂಕಿನಿಂದ ಫೋನ್ ಬಂದ ಮೇಲೆ. ಎರಡನೇ ವಾರದಿಂದ ತುರಿಕೆ ಎದ್ದ ಕೂಡಲೇ ಎರಡೂ ಮುಷ್ಟಿ ಬಿಗಿಹಿಡಿದು ಮೂವತ್ತು ಸೆಕೆಂಡು. ಇನ್ನೂ ಇದ್ದರೆ ಆ ಜಾಗವನ್ನು ಒತ್ತಿಹಿಡಿಯೋದು ಅಥವಾ ತಣ್ಣೀರ ಬಟ್ಟೆ, ಉಜ್ಜೋದಿಲ್ಲ. ಉಗುರು ಗಿಡ್ಡ ಇರಲಿ.

ಜೊತೆಗೆ ಎರಡು ಪ್ರಶ್ನೆ: ಎರಡು ವಾರದಿಂದ ಮನಸ್ಸು ಕುಗ್ಗಿದೆಯಾ? ಯಾವುದರಲ್ಲೂ ಆಸಕ್ತಿ ಇಲ್ಲವಾ? ಒಂದಕ್ಕೆ ಹೌದಂದರೂ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಅವತ್ತೇ, ಒಬ್ಬರನ್ನೇ ಬಿಡದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಿಎಚ್‌ಒ, ತೀರ್ಥಹಳ್ಳಿ ಕಡೆ
ಥ್ಯಾಂಕ್ಸ್ ಸರ್, ಮೇಡಂ. ಇದರ ಪಕ್ಕದ್ದೇ ಒಂದು ಪ್ರಶ್ನೆ: ಗಾಬರಿಗೆ ಪ್ರೊಪ್ರನಲಾಲ್ (ಎದೆಬಡಿತ ಇಳಿಸೋ ಮಾತ್ರೆ) ತಗೊಳ್ಳುವ ಒಬ್ಬರಿಗೆ ಈಗ ಮೊಣಕೈ ಮೇಲೆ ಬಿಳಿ ಹೊಟ್ಟು ಏಳ್ತಿದೆ.

ಮನೋವೈದ್ಯ, ಶಿವಮೊಗ್ಗ
ಸೋರಿಯಾಸಿಸ್ (ಚರ್ಮ ದಪ್ಪಗಾಗಿ ಬಿಳಿ ಹೊಟ್ಟು ಏಳುವ ಕಾಯಿಲೆ) ಇರಬಹುದು. ಪ್ರೊಪ್ರನಲಾಲ್, ಬೈಪೋಲಾರ್ (ಮನಸ್ಸಿನ ತೀವ್ರ ಏರಿಳಿತ) ಕಾಯಿಲೆಗೆ ಕೊಡುವ ಲಿಥಿಯಂ ಎರಡೂ ಅದನ್ನು ಕೆರಳಿಸಬಲ್ಲವು. ಹಾಗಂತ ಪ್ರೊಪ್ರನಲಾಲ್ ಥಟ್ಟನೆ ನಿಲ್ಲಿಸಿದರೆ ಎದೆಬಡಿತ ಏರುತ್ತೆ, ಲಿಥಿಯಂ ಬಿಟ್ಟರೆ ಕಾಯಿಲೆಯೇ ಮರುಕಳಿಸಬಹುದು. ಬದಲಿ ಮಾತ್ರೆ ಬರೆದವರೇ ಕೊಡಬೇಕು. ‘ಬೇಗ ಗುಣ’ ಅಂತ ಸ್ಟೆರಾಯ್ಡ್ ಸೂಜಿ ಚುಚ್ಚಿಸಿಕೊಳ್ಳಲು ಬಿಡಬೇಡಿ. ಅದರ ಬಲ ಇಳಿದ ಮೇಲೆ ಸೋರಿಯಾಸಿಸ್ ಮೈತುಂಬ ಏಳಬಹುದು, ನಿದ್ದೆ, ಮನಸ್ಸೂ ಏರುಪೇರು.

ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮ ವಿಭಾಗವೂ ನಮ್ಮ ವಿಭಾಗವೂ ಇವೆ, ಒಂದೇ ದಿನ ಎರಡೂ ಕಡೆ ತೋರಿಸಲಿ. ಚೀಟಿಯಲ್ಲಿ ಮಾತ್ರೆ ಹೆಸರು, ಡೋಸ್, ಶುರುಮಾಡಿದ ತಿಂಗಳು, ಹೊಟ್ಟು ಕಂಡ ತಿಂಗಳು ಬರೆದು ಕಳಿಸಿ.