ಸಹಾಯ ಬೇಕು: ‘ಎಂಡರ್ಸ್ ಗೇಮ್’ ಆದಮೇಲೆ ಯಾವುದು?

ಗೆಳೆಯರೇ, ಆರ್ಸನ್ ಸ್ಕಾಟ್ ಕಾರ್ಡ್ ಅವರ ವೈಜ್ಞಾನಿಕ ಕಾದಂಬರಿ ‘ಎಂಡರ್ಸ್ ಗೇಮ್’ (1985) ಮನಸ್ಸಿನಿಂದ ಇಳಿಯುತ್ತಲೇ ಇಲ್ಲ. ಸೈನಿಕ ಶಾಲೆಯ, ತೂಕವೇ ಇಲ್ಲದ ಆ ಕಾಳಗದ ಕೋಣೆಯಲ್ಲಿ ಪುಟ್ಟ ಹುಡುಗ ಎಂಡರ್ ಎದುರಾಳಿಯ ಬಾಗಿಲನ್ನೇ ‘ಕೆಳಗೆ’ ಅಂತ ಎಣಿಸಿ, ಮಡಚಿದ ಕಾಲುಗಳನ್ನು ಮರಗಟ್ಟಿಸಿ ಗುರಾಣಿ ಮಾಡಿಕೊಳ್ಳುತ್ತಾನಲ್ಲ, ಜಾಣ ಮಗುವಿನ ಯೋಚನೆ ಹೇಗಿರುತ್ತೆ ಅಂತ ಅಲ್ಲಿ ಕಣ್ಣಿಗೆ ಕಾಣುತ್ತೆ.

ಗೊಂದಲ ಇರೋದು ಮುಂದಿನದರಲ್ಲಿ. 1986ರ ‘ಸ್ಪೀಕರ್ ಫಾರ್ ದಿ ಡೆಡ್’ ಸುಮಾರು 3000 ವರ್ಷ ಮುಂದೆ ನಡೆಯುತ್ತೆ. ಬೆಳಕಿನ ವೇಗದ ಹತ್ತಿರ ಪಯಣಿಸಿದ್ದರಿಂದ ಎಂಡರ್‌ಗೆ ಆಗಲೂ ಮೂವತ್ತೈದರ ಆಸುಪಾಸು. ಶಾಲೆ, ಕಾಳಗ ಎರಡೂ ಇಲ್ಲ. ಅದೇ ರಭಸ ಬಯಸಿದವರು ಇಲ್ಲೇ ಕೈಬಿಡುತ್ತಾರೆ. 1999ರ ‘ಎಂಡರ್ಸ್ ಶ್ಯಾಡೋ’ ಹಳೇ ಘಟನೆಗಳನ್ನೇ ಎಂಡರ್‌ನ ಸಹಪಾಠಿ ಬೀನ್ ಕಣ್ಣಿಂದ ಹೇಳುತ್ತೆ. (ಇದನ್ನು ಯಾರಿಗೂ ಮೊದಲು ಕೊಡಬೇಡಿ, ಮೂಲದ ಕೊನೆಯ ಗುಟ್ಟು ಬಯಲಾಗುತ್ತೆ.)

ಎರಡೂ ಓದಿದವರು ದಯವಿಟ್ಟು ಹೇಳಿ: ಮಗುವಿನ ಒಂಟಿತನವೇ ಮುಖ್ಯ ಅನ್ನಿಸಿದವರಿಗೆ ಯಾವುದು ಮೊದಲು? ‘ಸ್ಪೀಕರ್’ ಆದಮೇಲಿನ ‘ಝೆನೊಸೈಡ್’ ಹಿಡಿದರೆ ಅದರ ಮುಂದಿನ ಭಾಗ ‘ಚಿಲ್ಡ್ರನ್ ಆಫ್ ದಿ ಮೈಂಡ್’ ಕೂಡಲೇ ಓದಬೇಕಾ, ಬಿಡುವು ಕೊಟ್ಟರೆ ಎಳೆ ತಪ್ಪುತ್ತಾ? ಮುಖ್ಯ ತಿರುವುಗಳನ್ನು ಮಾತ್ರ ಬಿಟ್ಟುಕೊಡಬೇಡಿ.