ಗುಲಾಬಿ ಪಾತಿಯಲ್ಲಿ ಎದ್ದ ನೀಲಿ ಹೂ: ವಿಷ್ಣುಕ್ರಾಂತಿಯೋ, ಕನ್ನೆ ಸೊಪ್ಪೋ?

ಪ್ರಶ್ನೆ: ಮಳೆ ಶುರುವಾದ ಮೇಲೆ ಗುಲಾಬಿ ಪಾತಿಯಲ್ಲಿ ತಾನಾಗಿ ಹುಟ್ಟಿ ನೆಲಕ್ಕೆ ಹಬ್ಬಿದ ಗಿಡ. ಚಿಕ್ಕ ನೀಲಿ ಹೂ, ಬೆಳಿಗ್ಗೆ ಅರಳಿ ಮಧ್ಯಾಹ್ನ ಮುದುಡುತ್ತದೆ. ಆ್ಯಪ್ ಒಮ್ಮೆ ವಿಷ್ಣುಕ್ರಾಂತಿ ಅನ್ನುತ್ತದೆ, ಒಮ್ಮೆ ಕನ್ನೆ ಸೊಪ್ಪು. ಮೇಲಿನಿಂದ ತೆಗೆದ ಫೋಟೊ ಹಾಕಿದ್ದೇನೆ. ಯಾವುದು ಸರ್?

ಉತ್ತರ: ಫೋಟೊದಲ್ಲಿ ಹೂ ಮುದುಡಿರುವುದರಿಂದ ಹೇಳಲಾಗದು ಮೇಡಂ. ಮುದುಡುವ ಹೊತ್ತನ್ನು ನೆಚ್ಚಬೇಡಿ, ಎರಡೂ ಹಾಗೆಯೇ. ಬೆಳಿಗ್ಗೆಯೇ ದಳ ನೋಡಿ. ವಿಷ್ಣುಕ್ರಾಂತಿಯದು ಐದು ದಳಗಳು ಕೂಡಿಕೊಂಡ ಒಂದೇ ಬಟ್ಟಲು, ಅಗಲ ಒಂದು ಸೆಂ.ಮೀ. ಒಳಗೆ; ಎಲೆ ಪುಟ್ಟದು, ರೇಷ್ಮೆಯಂಥ ರೋಮ. ಕನ್ನೆ ಸೊಪ್ಪಿಗೆ ಬಿಡಿಬಿಡಿ ಮೂರು ದಳ: ಮೇಲೆರಡು ದೊಡ್ಡವು, ಕೆಳಗಿನದು ಕಿರಿದು. ಎಲೆಯ ನರಗಳು ಬುಡದಿಂದ ತುದಿಗೆ ಸಮಾನಾಂತರವಾಗಿ ಓಡುತ್ತವೆ. ಹೂವನ್ನು ಪಕ್ಕದಿಂದಲೂ, ಎಲೆ ಕಾಂಡಕ್ಕೆ ಕೂಡುವ ಜಾಗವನ್ನೂ ಹತ್ತಿರದಿಂದ ತೆಗೆದು ಹಾಕಿ.

ಪ್ರಶ್ನೆ: ಮೂರು ದಳ, ನಡುವೆ ಹಳದಿ ಚುಕ್ಕೆಗಳು. ಎಲೆ ಮೊಟ್ಟೆಯಾಕಾರ. ಎಲೆಬುಡದ ಒರೆಯ ಬಾಯಲ್ಲಿ ಕೆಂಪು ಕೂದಲು. ಹೂ ಹೊರಡುವ ಹಸಿರು ದೊನ್ನೆಯನ್ನು ಬಿಡಿಸಲು ಹೋದರೆ ಹಿಂಬದಿಯಲ್ಲಿ ಅಂಟಿಕೊಂಡಿದೆ.

ಉತ್ತರ: ಹಾಗಾದರೆ ಕನ್ನೆ ಸೊಪ್ಪೇ, ಕಾಮೆಲಿನಾ ಬೆಂಗಾಲೆನ್ಸಿಸ್. ನೀವು ಕಂಡ ಕೆಂಪು ಕೂದಲು, ಹಿಂಬದಿ ಅಂಟಿದ ದೊನ್ನೆ, ಆ ಎರಡು ಗುರುತೇ ನಿರ್ಣಾಯಕ. ಇದರ ಹತ್ತಿರದ ನೆಂಟ ಕಾಮೆಲಿನಾ ಡಿಫ್ಯೂಸಾದಲ್ಲಿ ದೊನ್ನೆಯ ಅಂಚು ಬುಡದವರೆಗೂ ಬಿಡಿಯಾಗಿರುತ್ತದೆ, ಎಲೆ ಭರ್ಜಿಯಂತೆ ಕಿರಿದು. ಆ್ಯಪ್ ಎಡವುವುದು ಇಲ್ಲೇ. ಅದಕ್ಕೆ ನೀಲಿ ಬಣ್ಣ ಸಿಕ್ಕರೆ ಸಾಕು. ಇನ್ನೂ ಖಚಿತವಾಗಬೇಕೆಂದರೆ ಬುಡದ ಮಣ್ಣನ್ನು ಮೆಲ್ಲಗೆ ಸರಿಸಿ. ಬಿಳಿ ಬಳ್ಳಿಗಳ ಮೇಲೆ ನೆಲದೊಳಗೇ ಮುಚ್ಚಿದ ಹೂಗಳು ಕಾಣಬಹುದು. ಅವು ಅರಳದೆ, ಸ್ವಂತ ಪರಾಗದಿಂದಲೇ ಬೀಜ ಕಟ್ಟುತ್ತವೆ. ಡಿಫ್ಯೂಸಾಕ್ಕೆ ಇದಿಲ್ಲ.

ಪ್ರಶ್ನೆ: ಕಿತ್ತರೂ ಮತ್ತೆ ಬರುವುದು ಅದಕ್ಕೇನಾ?

ಉತ್ತರ: ಹೌದು. ಮೇಲಿನ ಬಳ್ಳಿ ಎಳೆದರೆ ನೆಲದೊಳಗಿನ ಬೀಜ ಹಾಗೇ ಉಳಿಯುತ್ತದೆ. ತುಂಡಾದ ಕಾಂಡ ಒದ್ದೆ ಮಣ್ಣಿಗೆ ಬಿದ್ದರೆ ಗೆಣ್ಣಿನಲ್ಲಿ ಬೇರೊಡೆಯುತ್ತದೆ. ಗ್ಲೈಫೊಸೇಟ್ ಎಂಬ ಕಳೆನಾಶಕ ಹೊಡೆದರೂ ಸುಲಭಕ್ಕೆ ಜಗ್ಗುವ ಗಿಡವಲ್ಲ. ಎಳೆಯದಿದ್ದಾಗಲೇ, ಮಣ್ಣು ಹಸಿಯಿರುವಾಗ ಬಿಳಿ ಬಳ್ಳಿಯ ಸಮೇತ ಅಗೆದು ತೆಗೆದು, ಗಟ್ಟಿ ನೆಲದ ಮೇಲೆ ಗರಿಗರಿಯಾಗುವಷ್ಟು ಒಣಗಿಸಿ. ಹಸಿಯಾಗಿ ಗೊಬ್ಬರದ ಗುಂಡಿಗೆ ಎಸೆಯಬೇಡಿ. ಆದರೆ ಪೂರ್ತಿ ಅಳಿಸಬೇಕಿಲ್ಲ ಮೇಡಂ, ಇದು ನಮ್ಮ ನೆಲದ್ದೇ ಗಿಡ, ಜೇನ್ನೊಣಗಳೂ ಬರುತ್ತವೆ. ಗುಲಾಬಿ ಬುಡ ಬಿಟ್ಟು ಬೇಲಿ ಮೂಲೆಯಲ್ಲಿ ಒಂದಿಷ್ಟು ಉಳಿಸಿಕೊಳ್ಳಿ.